ಒಂದಕ್ಷರದ ಆಸೆಗೆ ಬೀಳಬೇಡ

ಪುಟ್ಟಿ,

ಪುಡಿಯ ವಿಷಯದಲ್ಲಿ ನಿನಗೆ ನಾನು ಹೇಳಿಕೊಡುವಂಥದ್ದು ಏನೂ ಇಲ್ಲ. ಕೊತ್ತಂಬರಿ ಎಷ್ಟು ಹುರಿಯಬೇಕು, ಬ್ಯಾಡಗಿ ಎಷ್ಟು ಗುಂಟೂರು ಎಷ್ಟು, ಇಂಗು ಯಾವಾಗ ಬೀಳಬೇಕು, ಅದೆಲ್ಲ ನಿನ್ನ ಅಜ್ಜಿಯಿಂದ ನನ್ನ ಅಕ್ಕನಿಗೆ, ಅಕ್ಕನಿಂದ ನಿನಗೆ ಬಂದ ಹದ. ನಾನು ಹೇಳಬೇಕಾಗಿರುವುದು ಪ್ಯಾಕೆಟ್ಟಿನ ಮೇಲೆ ಹಾಕುವ ಹೆಸರಿನ ಬಗ್ಗೆ. ನೀನು ಕಳಿಸಿದ ಪಟ್ಟಿ ನೋಡಿದೆ. ಅದರಲ್ಲಿ ನಿನಗೆ ತುಂಬಾ ಹಿಡಿಸಿರುವ ಹೆಸರು, ಮನೆಮನೆಯಲ್ಲೂ ಬಳಸುವ ಒಂದು ಮಸಾಲೆ ಕಂಪನಿಯ ಹೆಸರಿಗೆ ಒಂದಕ್ಷರ ಆಚೀಚೆ ಮಾಡಿದ್ದು. ‘ಜನರ ಬಾಯಿಗೆ ಬೇಗ ಬರುತ್ತೆ ಮಾವ’ ಅಂತ ಬೇರೆ ಬರೆದಿದ್ದೀಯ. ಸುತ್ತಿ ಬಳಸಿ ಹೇಳುವುದಿಲ್ಲ. ಅದು ಬೇಡ.

ಪೊಲೀಸು, ಕೋರ್ಟು ಅಂತ ಹೆದರಿಸುವುದಕ್ಕೆ ಹೇಳುತ್ತಿಲ್ಲ; ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ವ್ಯಾಪಾರದ ಮಾತು. ಸಂತೇಪೇಟೆಯಲ್ಲಿ ಸಗಟು ಅಂಗಡಿ ಇಟ್ಟುಕೊಂಡು ತಲೆ ಬೆಳ್ಳಗಾದವನು ನಾನು. ಹೋಲಿಕೆ ಹೆಸರಿನ ಮಾಲು ಓಡುವುದೇ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಓಡುತ್ತದೆ. ಆದರೆ ಯಾರ ಹೆಸರಿನಲ್ಲಿ ಓಡುತ್ತದೆ ನೋಡು. ನಿನ್ನ ಪುಡಿ ಚೆನ್ನಾಗಿದ್ದರೆ ಗಿರಾಕಿ ಆ ದೊಡ್ಡ ಕಂಪನಿಯನ್ನೇ ಹೊಗಳುತ್ತಾನೆ, ಮುಂದಿನ ಸಲ ಬಾಯಿತುಂಬ ಅವರ ಹೆಸರನ್ನೇ ಹೇಳಿ ಕೇಳುತ್ತಾನೆ. ಸಾರು ಕೆಟ್ಟರೆ ಮಾತ್ರ ಪ್ಯಾಕೆಟ್ ಕೈಗೆತ್ತಿಕೊಂಡು ಕನ್ನಡಕ ಹಾಕಿಕೊಂಡು ಓದುತ್ತಾನೆ: ‘ಅಯ್ಯೋ, ಇದು ಡೂಪ್ಲಿಕೇಟು!’ ಒಳ್ಳೆಯದೆಲ್ಲ ಅವರ ಖಾತೆಗೆ ಜಮಾ, ಕೆಟ್ಟದ್ದೆಲ್ಲ ನಿನ್ನ ಖಾತೆಗೆ ಖರ್ಚು. ಇಷ್ಟು ಹದವಾಗಿ ಪುಡಿ ಮಾಡುವವಳು ಇಂಥ ಲೆಕ್ಕಕ್ಕೆ ಯಾಕೆ ಕೈ ಹಾಕಬೇಕು?

‘ಒಳ್ಳೆಯ ಹೆಸರು ಹೊಳೆಯುತ್ತಿಲ್ಲ’ ಅನ್ನುವುದು ನಿನ್ನ ಇನ್ನೊಂದು ಕೊರಗು. ಹೊಳೆಯಲೇಬೇಕು ಅಂತ ಯಾರು ಹೇಳಿದರು? ಇವತ್ತು ಕೋಟಿಗಟ್ಟಲೆ ಬೆಲೆ ಬಾಳುವ ಹೆಸರುಗಳು ಹುಟ್ಟಿದ ರೀತಿ ಕೇಳಿದರೆ ನಿನಗೆ ನಗು ಬರುತ್ತದೆ. ಪಾರ್ಲೆ ಅನ್ನುವುದು ಒಂದು ಊರು. 1929ರಲ್ಲಿ ಮುಂಬೈಯ ವಿಲೆ ಪಾರ್ಲೆಯಲ್ಲಿ ಮಿಠಾಯಿ ಕಾರ್ಖಾನೆ ಶುರುವಾಯಿತು, ಊರಿನ ಹೆಸರೇ ಕಂಪನಿಗೆ ಬಂತು. ವಿಪ್ರೊ ಹುಟ್ಟಿದ್ದು 1945ರಲ್ಲಿ, ಮಹಾರಾಷ್ಟ್ರದ ಅಮಳನೇರಿನಲ್ಲಿ ವನಸ್ಪತಿ ತಯಾರಿಸುವುದಕ್ಕೆ. ‘ವೆಸ್ಟರ್ನ್ ಇಂಡಿಯಾ’ ಅಂತ ಶುರುವಾಗುವ ಉದ್ದನೆಯ ಹೆಸರನ್ನು ಕತ್ತರಿಸಿ ಮಾಡಿದ ತುಂಡು ಅದು. ಈಗ ವಿಪ್ರೊ ಅಂದರೆ ಬೆಂಗಳೂರಿನ ಸರ್ಜಾಪುರ ರಸ್ತೆಯ ಕಂಪ್ಯೂಟರ್ ಕಂಪನಿ. ಎಣ್ಣೆಯ ನೆನಪು ಯಾರಿಗೂ ಬರುವುದಿಲ್ಲ. ಹೊಸೂರಿನ ಟೈಟನ್ ಗಡಿಯಾರದ ಹೆಸರು ಕೇಳಿದವರಿಗೆ ಗ್ರೀಕ್ ಪುರಾಣದ ದೈತ್ಯರು ನೆನಪಾಗಬಹುದು. ಅದರೊಳಗೆ ಕೂತಿರುವುದು ಟಾಟಾ ಇಂಡಸ್ಟ್ರೀಸ್ ಮತ್ತು ತಮಿಳುನಾಡು, ಎರಡು ಪಾಲುದಾರರ ಮೊದಲಕ್ಷರಗಳು. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರು 1969ರಲ್ಲಿ ಮನೆಯಲ್ಲೇ ಬಟ್ಟೆ ಒಗೆಯುವ ಪುಡಿ ಮಾಡಿ, ಸೈಕಲ್ ಮೇಲೆ ಹೇರಿಕೊಂಡು ಮನೆಮನೆಗೆ ಮಾರಿದರು. ಮಗಳು ನಿರುಪಮಾಳ ಹೆಸರನ್ನು ಚಿಕ್ಕದು ಮಾಡಿ ‘ನಿರ್ಮಾ’ ಅಂತ ಇಟ್ಟರು. ಮಗಳ ಹೆಸರೇ ಇಟ್ಟ ಇನ್ನೊಬ್ಬ ಎಮಿಲ್ ಯೆಲಿನೆಕ್, ಯುರೋಪಿನಲ್ಲಿ ಕಾರು ಮಾರುತ್ತಿದ್ದ ಸಾಹುಕಾರ. ಅವನ ಮಗಳು ಮರ್ಸಿಡಿಸ್. ಆ ಕಾರಿನಲ್ಲಿ ಓಡಾಡುವ ಎಷ್ಟು ಜನಕ್ಕೆ ಅದು ಒಂದು ಹುಡುಗಿಯ ಹೆಸರು ಅಂತ ಗೊತ್ತು?

ನಮ್ಮ ಎಂಟಿಆರ್ ತಗೋ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ತೆರೆದಾಗ ಅದಕ್ಕಿದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆಗ ಬೀದಿಗೊಂದು ಕಾಫಿ ಕ್ಲಬ್ ಇದ್ದ ಕಾಲ. ಮಾವಳ್ಳಿಗೆ ಬಂದು ನೆಲೆನಿಂತ ಮೇಲೆ, 1960ರಲ್ಲಿ, ಅದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಬಡಾವಣೆಯ ಹೆಸರು, ಒಳಗೆ ಏನು ಸಿಗುತ್ತದೆ ಅನ್ನುವ ಒಂದು ಮಾತು, ಅಷ್ಟೇ. ಇಂಥ ಹೆಸರು ಇಡುವುದಕ್ಕೆ ಯಾವ ಜಾಹೀರಾತು ಪಂಡಿತರೂ ಬೇಕಿಲ್ಲ. ಆದರೆ ಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ಹಾಕಿದರಲ್ಲ, ಅಡುಗೆಮನೆಯನ್ನು ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡರಲ್ಲ, ಆ ಮೂರಕ್ಷರಕ್ಕೆ ಬೆಲೆ ಬಂದದ್ದು ಅಲ್ಲಿಂದ.

ಅರ್ಥವೇ ಇಲ್ಲದ ಹೆಸರೂ ಗೆದ್ದಿದೆ. ಅಮೆರಿಕದ ಜಾರ್ಜ್ ಈಸ್ಟ್‌ಮನ್‌ಗೆ ‘ಕೆ’ ಅಕ್ಷರದ ಮೇಲೆ ಮೋಹ. ಚಿಕ್ಕದಾಗಿರಬೇಕು, ಯಾರ ಬಾಯಲ್ಲೂ ತಪ್ಪಾಗಬಾರದು, ಬೇರೆ ಯಾವುದಕ್ಕೂ ಹೋಲಬಾರದು ಅಂತ ಅಕ್ಷರ ಜೋಡಿಸುತ್ತಾ ಕೂತು ‘ಕೊಡಾಕ್’ ಕಟ್ಟಿದ, 1888ರಲ್ಲಿ ನೋಂದಾಯಿಸಿದ. ಆ ಪದಕ್ಕೆ ಯಾವ ನಿಘಂಟಿನಲ್ಲೂ ಅರ್ಥ ಇರಲಿಲ್ಲ. ಜಪಾನಿನವರು 1934ರಲ್ಲಿ ಕ್ಯಾಮರಾ ಮಾಡಿ ಬೌದ್ಧರ ಕರುಣೆಯ ದೇವತೆಯ ಹೆಸರು ‘ಕ್ವಾನನ್’ ಅಂತ ಇಟ್ಟರು. ಮರುವರ್ಷವೇ, ಹೊರದೇಶದವರ ನಾಲಿಗೆಗೂ ಸಲೀಸಾಗಲಿ ಅಂತ ಅದನ್ನು ‘ಕ್ಯಾನನ್’ ಮಾಡಿದರು. ತಮ್ಮದೇ ಹೆಸರಿನ ಅಕ್ಷರ ತಿದ್ದಿಕೊಂಡರು, ಇನ್ನೊಬ್ಬರದ್ದಲ್ಲ.

ಇನ್ನೊಬ್ಬರ ಹೆಸರಿಗೇ ಒಂದಕ್ಷರ ಸೇರಿಸಿ ಗೆದ್ದವರೂ ಇದ್ದಾರೆ, ಅದನ್ನೂ ಹೇಳುತ್ತೇನೆ, ಆಮೇಲೆ ‘ಮಾವ ಮುಚ್ಚಿಟ್ಟ’ ಅನ್ನಬೇಡ. ಹಾಲೆಂಡಿನಿಂದ ಬರುತ್ತಿದ್ದ ವನಸ್ಪತಿಯನ್ನು ನಮ್ಮ ದೇಶದಲ್ಲಿ ‘ದಾದಾ’ ಹೆಸರಿನಲ್ಲಿ ಮಾರುತ್ತಿದ್ದರು. ಲಿವರ್ ಕಂಪನಿಯವರು ಅದನ್ನು ಇಲ್ಲೇ ತಯಾರಿಸಲು ಹೊರಟಾಗ ಹಳೆಯ ಹೆಸರು ಉಳಿಯಬೇಕು ಅನ್ನುವ ಷರತ್ತು ಬಂತಂತೆ. ಮಾತುಕತೆಯಾಗಿ, ನಡುವೆ ಲಿವರ್‌ನ ‘ಎಲ್’ ಸೇರಿಸಿ, 1937ರಲ್ಲಿ ‘ಡಾಲ್ಡಾ’ ಬಂತು. ಒಂದಕ್ಷರವೇ, ಆದರೆ ಎದುರು ಬದುರು ಕೂತು, ಒಪ್ಪಿಗೆ ಪಡೆದು ಸೇರಿಸಿದ ಅಕ್ಷರ. ನಿನ್ನ ಪಟ್ಟಿಯ ಹೆಸರಿಗೆ ಆ ಮಸಾಲೆ ಕಂಪನಿಯವರು ಒಪ್ಪಿಗೆ ಕೊಡುತ್ತಾರೆಯೇ? ಕೇಳುವ ಧೈರ್ಯ ಇಲ್ಲ ಅಂದರೆ ಉತ್ತರ ನಿನಗೇ ಗೊತ್ತಿದೆ ಅಂತ ಅರ್ಥ.

ಈಗ ಅಂಗಡಿಯೊಳಗಿನ ಮಾತು ಕೇಳು. ಹೋಲಿಕೆ ಮಾಲು ಹೇಗೆ ಓಡುತ್ತದೆ ಅಂತ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನೋಡಿದ್ದೇನೆ. ಒಬ್ಬ ಏಜೆಂಟು ಬ್ಯಾಗು ತೆರೆದು ಸಾಬೂನು ಇಡುತ್ತಾನೆ. ಪಕ್ಕದಲ್ಲಿ ಹೆಸರಾಂತ ಸಾಬೂನು ಇಟ್ಟರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಅದೇ ಬಣ್ಣ, ಅದೇ ಓರೆ ಅಕ್ಷರ, ಅದೇ ಜಾಗದಲ್ಲಿ ಹೂವು. ಹೆಸರಿನ ಬೇರೆಯಾದ ಅಕ್ಷರ ಸರಿಯಾಗಿ ಕಾಗದದ ಮಡಿಕೆಯೊಳಗೆ ಹೋಗಿ ಕೂತಿರುತ್ತದೆ. ‘ಕಂಪನಿ ಮಾಲಿನಲ್ಲಿ ನಿಮಗೆ ಏನು ಉಳಿಯುತ್ತೆ ಸಾಹುಕಾರ್ರೇ? ಇದರಲ್ಲಿ ಡಜನ್‌ಗೆ ಇಷ್ಟು ಫ್ರೀ’ ಅನ್ನುತ್ತಾನೆ. ಅಂದರೆ ಅವನು ಮಾರುತ್ತಿರುವುದು ಗಿರಾಕಿಗಲ್ಲ, ಅಂಗಡಿಯವನ ಆಸೆಗೆ. ಹೆಸರಾದ ಮಾಲಿನಲ್ಲಿ ಲಾಭ ತೆಳು, ಯಾಕೆಂದರೆ ಅದು ತಾನಾಗಿ ಓಡುತ್ತದೆ. ಹೋಲಿಕೆ ಮಾಲಿನಲ್ಲಿ ಲಾಭ ದಪ್ಪ, ಯಾಕೆಂದರೆ ಅದನ್ನು ಕೈಯಿಂದ ದಾಟಿಸಬೇಕು.

ದಾಟಿಸುವುದು ಯಾರಿಗೆ? ಇಂಗ್ಲಿಷ್ ಓದಿಕೊಂಡು, ಪ್ಯಾಕೆಟ್ ತಿರುಗಿಸಿ ತಾರೀಖು ನೋಡುವ ನಿನ್ನಂಥವರಿಗಲ್ಲ. ಅಮ್ಮ ಕೊಟ್ಟ ಚೀಟಿ ಹಿಡಿದು ಬಂದ ಮಗುವಿಗೆ. ‘ಆ ಹಸಿರು ಕಾಗದದ್ದು ಕೊಡಪ್ಪ’ ಅನ್ನುವ ಅಜ್ಜಿಗೆ. ಸಂಜೆ ಕೂಲಿ ದುಡ್ಡು ಹಿಡಿದು ಅವಸರದಲ್ಲಿ ಬಂದವನಿಗೆ. ನಮ್ಮ ನಾಡಿನಲ್ಲಿ ಓದು ಬಾರದವರೂ ಗುರುತು ಹಿಡಿದು ಕೊಳ್ಳಲಿ ಅಂತಲೇ ಚಿತ್ರದ ಗುರುತುಗಳು ಬಂದವು; ಕುದುರೆ ಮಾರ್ಕು, ಒಂಟೆ ಮಾರ್ಕು ಅಂತ ಜನ ಕೇಳಿ ಕೊಂಡರು. ಮೈಸೂರಿನ ಎನ್. ರಂಗರಾವ್ ಅವರ ಅಗರಬತ್ತಿಗೆ ಸೈಕಲ್ ಗುರುತು ಬಂದು ಅದು ದೇಶವೆಲ್ಲ ಹಬ್ಬಿದ್ದು ನೋಡು. ಸೈಕಲ್ ಯಾವ ಭಾಷೆಯವನಿಗೆ ತಿಳಿಯುವುದಿಲ್ಲ? ಓದು ಬಾರದವರ ಅನುಕೂಲಕ್ಕೆ ಬಂದ ಆ ಚಿತ್ರವನ್ನೇ ಹಿಡಿದು ಹೋಲಿಕೆಯವನು ಅವರಿಗೆ ಮೋಸ ಮಾಡುತ್ತಾನೆ. ನಮ್ಮ ಪುಡಿ ಒಳ್ಳೆಯದೇ ಅಲ್ಲವೇ ಅಂತ ನೀನು ಸಮಾಧಾನ ಹೇಳಿಕೊಳ್ಳಬಹುದು. ಪುಡಿ ಒಳ್ಳೆಯದಾದರೂ, ಕೇಳಿದ್ದು ಒಂದು ಕೊಟ್ಟದ್ದು ಒಂದು ಅನ್ನುವುದು ಬದಲಾಗುವುದಿಲ್ಲ.

ಇನ್ನು ಕೋರ್ಟಿನ ಮಾತು. ನಮ್ಮ ಮೈಸೂರಿನದೇ ಕಥೆ ಹೇಳುತ್ತೇನೆ. ಪಾರ್ಲೆಯ ಗ್ಲೂಕೋ ಬಿಸ್ಕತ್ತಿನ ಕಾಗದದ ಮೇಲೆ ಆಗ ಒಂದು ಚಿತ್ರ ಇರುತ್ತಿತ್ತು: ಹಳ್ಳಿಮನೆಯ ಅಂಗಳ, ನಡುವೆ ನೀರು ಹೊತ್ತ ಹುಡುಗಿ, ಸುತ್ತ ಹಸು, ಕೋಳಿ. ಮೈಸೂರಿನ ಒಂದು ಕಂಪನಿ ಗ್ಲೂಕೋಸ್ ಬಿಸ್ಕತ್ತು ಮಾಡಿ ಮಾರುಕಟ್ಟೆಗೆ ಬಿಟ್ಟಿತು. ಅವರ ಕಾಗದದ ಮೇಲೂ ಹುಡುಗಿ. ಅವಳ ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು, ಬುತ್ತಿಗಂಟು. ಸುತ್ತ ಹಸು, ಕೋಳಿ. ಕಾಗದದ ಅಳತೆ, ಬಣ್ಣ ಹೆಚ್ಚು ಕಡಿಮೆ ಒಂದೇ. ಪಾರ್ಲೆಯವರು ದಾವೆ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಸೋತರು, ಆಗಿನ ಮೈಸೂರು ಹೈಕೋರ್ಟಿನಲ್ಲೂ ಸೋತರು. ಇಲ್ಲಿ ನೀರು ಅಲ್ಲಿ ಹುಲ್ಲು ಅಂತ ವ್ಯತ್ಯಾಸ ಹುಡುಕಿದರೆ ಸಿಗುವಷ್ಟು ಇತ್ತಲ್ಲ!

1972ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಎರಡು ಕಾಗದವನ್ನು ಅಕ್ಕಪಕ್ಕ ಇಟ್ಟುಕೊಂಡು ವ್ಯತ್ಯಾಸ ಎಣಿಸುವುದು ಸರಿಯಾದ ಕ್ರಮವೇ ಅಲ್ಲ, ಮುಖ್ಯ ಲಕ್ಷಣಗಳು ಕಣ್ಣಿಗೆ ಹೇಗೆ ಬೀಳುತ್ತವೆ ಅನ್ನುವುದನ್ನು ನೋಡಬೇಕು ಅಂದಿತು. ಇವತ್ತು ಒಂದನ್ನು ನೋಡಿದವನಿಗೆ ಇನ್ನೊಂದು ದಿನ ಮತ್ತೊಂದನ್ನು ತೋರಿಸಿದರೆ ಅದೇ ಇದು ಅಂದುಕೊಳ್ಳುತ್ತಾನೋ ಇಲ್ಲವೋ, ಅದು ಪ್ರಶ್ನೆ. ಸಾಮಾನ್ಯ ಗಿರಾಕಿ ಷರ್ಲಾಕ್ ಹೋಮ್ಸ್ ಅಲ್ಲ ಅನ್ನುವ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ನನಗೆ ಈ ತೀರ್ಪು ಇಷ್ಟ. ಅಂಗಡಿಯ ಕಟ್ಟೆಯ ಮೇಲೆ ಒಂದು ದಿನವೂ ಕೂರದ ನ್ಯಾಯಾಧೀಶರು ಅಂಗಡಿಗೆ ಬರುವ ಜನರನ್ನು ಎಷ್ಟು ಸರಿಯಾಗಿ ಬಲ್ಲರು ಅನಿಸುತ್ತದೆ.

ಅದಕ್ಕೂ ಹಿಂದೆ, 1962ರಲ್ಲಿ, ಅಮೃತಧಾರಾ ಅನ್ನುವ ಹೆಸರಾಂತ ಔಷಧಿಗೂ ಲಕ್ಷ್ಮಣಧಾರಾ ಅನ್ನುವ ಇನ್ನೊಂದಕ್ಕೂ ಸುಪ್ರೀಂ ಕೋರ್ಟಿನಲ್ಲಿ ಜಟಾಪಟಿ ನಡೆಯಿತು. ಲಕ್ಷ್ಮಣಧಾರಾದವರ ವಾದ ಕೇಳಿದರೆ ಸರಿ ಅನಿಸಬೇಕು: ಅದು ಅಮೃತದ ಧಾರೆ, ಇದು ಲಕ್ಷ್ಮಣನ ಧಾರೆ, ಅರ್ಥವೇ ಬೇರೆ. ಕೋರ್ಟು ಒಪ್ಪಲಿಲ್ಲ. ಹಳ್ಳಿಯವರು, ಪೇಟೆಯವರು, ಓದಿದವರು, ಓದದವರು ಎಲ್ಲರೂ ಕೊಳ್ಳುವ ಔಷಧಿ ಇದು. ಕೊಳ್ಳುವವರು ಪದ ಬಿಡಿಸಿ ಅರ್ಥ ಹುಡುಕುತ್ತಾ ನಿಲ್ಲುವುದಿಲ್ಲ, ಒಟ್ಟಾರೆ ಸದ್ದು ಮಂಕಾಗಿ ನೆನಪಿರುತ್ತದೆ, ಅಷ್ಟೇ. ಕೋರ್ಟಿನ ಅಭಿಪ್ರಾಯ ಇದು. ಹೊಟ್ಟೆನೋವಿನ ಔಷಧಿ ಹಾಗಿರಲಿ, ಮೆದುಳಿಗೇರುವ ಮಲೇರಿಯಾಕ್ಕೆ ಕೊಡುವ ಫಾಲ್ಸಿಗೋ, ಫಾಲ್ಸಿಟ್ಯಾಬ್ ಅನ್ನುವ ಎರಡು ಔಷಧಿಗಳ ಜಗಳದಲ್ಲಿ 2001ರಲ್ಲಿ ಅದೇ ಕೋರ್ಟು ಇನ್ನೂ ಬಿಗಿಯಾಗಿ ಮಾತಾಡಿತು. ಔಷಧಿಯ ಹೆಸರಿನಲ್ಲಿ ಗೊಂದಲವಾದರೆ ಪ್ರಾಣಕ್ಕೇ ಸಂಚಕಾರ, ಅಲ್ಲಿ ಹೋಲಿಕೆಯನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕು ಅಂತ. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಖೋಟಾ ಮಾಡಿ ಮಾಲಿಗೆ ಅಂಟಿಸಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಶಿಕ್ಷೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ನೋಟೀಸು ಬಂದ ದಿನ ಅಚ್ಚಾಗಿರುವ ಪ್ಯಾಕೆಟ್ಟು, ಲೇಬಲ್ಲು, ಬೋರ್ಡು ಎಲ್ಲ ಹಾಳು. ಆ ನಷ್ಟ ಸಣ್ಣ ವ್ಯಾಪಾರಿಗೆ ದಂಡಕ್ಕಿಂತ ಭಾರ.

ಹಾಗಾದರೆ ದೇವರ ಹೆಸರು ಇಟ್ಟುಬಿಡುತ್ತೇನೆ, ಅದಕ್ಕೆ ಯಾರು ಕೇಳುತ್ತಾರೆ ಅಂತ ನೀನು ಮುಂದೆ ಹೇಳುತ್ತೀಯ, ನನಗೆ ಗೊತ್ತು. ಯಾರೂ ಕೇಳುವುದಿಲ್ಲ ಅನ್ನುವುದೇ ಅದರ ತೊಡಕು. ನಂದಿನಿಯ ಕಥೆ ಕೇಳಿದ್ದೀಯಾ? ಕರ್ನಾಟಕ ಹಾಲು ಮಹಾಮಂಡಳಿ ‘ನಂದಿನಿ’ ಹೆಸರು ಹಿಡಿದದ್ದು 1985ರಲ್ಲಿ. ಬೆಂಗಳೂರಿನ ಒಂದು ಹೋಟೆಲಿನವರು 1989ರಲ್ಲಿ ‘ನಂಧಿನಿ’ ಅಂತ, ಇಂಗ್ಲಿಷಿನಲ್ಲಿ ಬರೆಯುವಾಗ ಒಂದಕ್ಷರ ಹೆಚ್ಚು ಹಾಕಿ, ಬೋರ್ಡು ಹಚ್ಚಿದರು. ಮಹಾಮಂಡಳಿ ಆಕ್ಷೇಪಿಸಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 2018ರಲ್ಲಿ ತೀರ್ಮಾನವಾಯಿತು, ಗೆದ್ದವರು ಹೋಟೆಲಿನವರು. ಒಬ್ಬರದು ಹಾಲು, ಇನ್ನೊಬ್ಬರದು ಊಟ. ಗುರುತಿನ ಚಿತ್ರವೂ ಬೇರೆ. ಅದಕ್ಕಿಂತ ಮುಖ್ಯವಾಗಿ, ನಂದಿನಿ ಅನ್ನುವುದು ದೇವಿಯ ಹೆಸರು, ಪುರಾಣದ ಹಸುವಿನ ಹೆಸರು. ಮಹಾಮಂಡಳಿಯವರು ತಾವಾಗಿ ಹುಟ್ಟಿಸಿದ ಪದವಲ್ಲ.

ನೋಡು, ಇಲ್ಲೂ ಒಂದಕ್ಷರದವರೇ ಗೆದ್ದರಲ್ಲ ಅಂತ ನಿನಗೆ ಖುಷಿಯಾಗುವುದು ಬೇಡ. ಅವರು ಹಾಲು ಮಾರಲಿಲ್ಲ, ಅದಕ್ಕೆ ಗೆದ್ದರು. ನೀನು ಹೊರಟಿರುವುದು ಮಸಾಲೆ ಕಂಪನಿಯ ಹೆಸರಿನಲ್ಲಿ ಮಸಾಲೆಯನ್ನೇ ಮಾರಲು. ನೀನು ಕಲಿಯಬೇಕಾದ್ದು ಮಹಾಮಂಡಳಿ ಸೋತ ಕಾರಣ. ಎಲ್ಲರ ಬಾಯಲ್ಲಿರುವ ಹೆಸರನ್ನು ಇಟ್ಟುಕೊಂಡರೆ ಅಷ್ಟು ದೊಡ್ಡ ಸಂಸ್ಥೆಗೂ ಅದನ್ನು ಪೂರ್ತಿ ತನ್ನದು ಮಾಡಿಕೊಳ್ಳುವುದು ಕಷ್ಟ. ಅಗರಬತ್ತಿಗೆ ‘ರಾಮಾಯಣ’ ಅಂತ ಹೆಸರಿಟ್ಟು ಅದು ತನಗೊಬ್ಬನಿಗೇ ಸೇರಬೇಕು ಅಂದವರಿಗೂ 2015ರಲ್ಲಿ ಸುಪ್ರೀಂ ಕೋರ್ಟು ಆಗದು ಅಂದಿತು. ಚಾಮುಂಡೇಶ್ವರಿ, ಮಂಜುನಾಥ, ರಾಘವೇಂದ್ರ ಅಂತ ಇಟ್ಟರೆ ದೇವರ ಕೃಪೆ ಇರಬಹುದು, ಪಕ್ಕದ ಬೀದಿಯಲ್ಲಿ ಅದೇ ಹೆಸರಿನ ಪುಡಿ ಬಂದರೆ ತಡೆಯುವ ಬಲ ಇರುವುದಿಲ್ಲ.

ಮಾಲಿನ ಗುಣವನ್ನೇ ಹೆಸರು ಮಾಡುವುದೂ ಹಾಗೆಯೇ. ‘ರುಚಿ’, ‘ಶುದ್ಧ’, ‘ಮನೆಯಡುಗೆ’ ಅನ್ನುವುದು ಪುಡಿ ಮಾಡುವ ಎಲ್ಲರೂ ಹೇಳಬೇಕಾದ ಮಾತು. ಅದನ್ನು ನಿನ್ನೊಬ್ಬಳಿಗೇ ಬರೆದುಕೊಡಲು ಕಾನೂನು ಒಪ್ಪುವುದಿಲ್ಲ. ಪಾರ್ಲೆಯವರಿಗೇ ಈ ಪಾಠ ಆಯಿತು. ಗ್ಲೂಕೋಸ್ ಬಿಸ್ಕತ್ತು ಎಲ್ಲರೂ ಮಾಡತೊಡಗಿದಾಗ, ಗಿರಾಕಿ ‘ಗ್ಲೂಕೋಸ್ ಬಿಸ್ಕತ್ತು ಕೊಡಿ’ ಅಂದರೆ ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಡಬಹುದಿತ್ತು. 1980ರ ದಶಕದ ಆರಂಭದಲ್ಲಿ ಅವರು ‘ಪಾರ್ಲೆ-ಜಿ’ ಅಂತ ಬದಲಾಯಿಸಿಕೊಂಡರು. ಎಲ್ಲರದ್ದಾಗಿದ್ದ ಪದ ಒಂದಕ್ಷರಕ್ಕೆ ಇಳಿಯಿತು, ಅವರದೇ ಆದ ಹೆಸರು ಮುಂದೆ ಬಂತು.

ಊರಿನ ಹೆಸರು ಬಳಸುವಾಗಲೂ ಕೈ ಬಿಗಿ ಇರಲಿ. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಪ್ಯಾಕೆಟ್ಟಿನ ಮೇಲೆ ಬ್ಯಾಡಗಿ ಅಂತ ಅಚ್ಚು ಹಾಕಿದರೆ ಒಳಗೂ ಬ್ಯಾಡಗಿಯೇ ಇರಬೇಕು. ರೇಟು ಏರಿದ ವರ್ಷ ಬೇರೆ ಕಾಯಿ ಹಾಕುವುದಾದರೆ ಆ ಪದವನ್ನು ಲೇಬಲ್ಲಿನಿಂದ ತೆಗೆ. ಆ ಊರಿನವರೆಲ್ಲ ಸೇರಿ ಗಳಿಸಿದ ಹೆಸರು ಅದು, ನಿನಗೆ ಎರವಲು ಸಿಕ್ಕಿರುವುದು.

ಮತ್ತೆ ಎಂಥ ಹೆಸರು ಇಡಬೇಕು? ನಿನ್ನದಾಗಿರುವಂಥದ್ದು. ಅಜ್ಜಿಯನ್ನು ಊರಿನವರು ಕರೆಯುತ್ತಿದ್ದ ಹೆಸರು, ನಮ್ಮ ಹಳ್ಳಿಯ ತೋಟದ ಹೆಸರು, ನೀನು ಚಿಕ್ಕವಳಿದ್ದಾಗ ನಿನ್ನ ತಮ್ಮ ತೊದಲಿ ಕರೆದ ಹೆಸರು, ಯಾವುದಾದರೂ ಆಗಲಿ. ಎರಡು ಮೂರು ಅಕ್ಷರದಲ್ಲಿ ಮುಗಿದರೆ ಲೇಸು. ಫೋನಿನಲ್ಲಿ ಒಂದು ಸಲ ಹೇಳಿದರೆ ಆ ಕಡೆಯವರು ‘ಏನು?’ ಅಂತ ತಿರುಗಿ ಕೇಳಬಾರದು. ಇಂಗ್ಲಿಷಿನಲ್ಲಿ ಬರೆದರೂ ಓದುವುದು ಕೆಡಬಾರದು. ‘ಇದಕ್ಕೇನು ಅರ್ಥ?’ ಅಂತ ಯಾರಾದರೂ ಕೇಳಿದರೆ ತಲೆ ಕೆಡಿಸಿಕೊಳ್ಳಬೇಡ. ಅರ್ಥವನ್ನು ನಿನ್ನ ಪುಡಿ ತುಂಬುತ್ತದೆ.

ಹೆಸರು ಗೊತ್ತಾದ ಮೇಲೆ ಡಬ್ಬಿ ಅಚ್ಚು ಹಾಕಿಸುವ ಮುಂಚೆ ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಹುಡುಕು. ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಬರೀ ಕಾಗುಣಿತ ನೋಡಬೇಡ, ಸದ್ದು ಹೋಲುವ ಹೆಸರುಗಳನ್ನೂ ಹುಡುಕು. ಸರಕು, ಸೇವೆ ಎಲ್ಲ ಸೇರಿ 45 ವರ್ಗ ಮಾಡಿದ್ದಾರೆ. ಮಸಾಲೆ ಪದಾರ್ಥ 30ನೆಯದರಲ್ಲಿ ಬರುತ್ತದೆ. ಆನ್‌ಲೈನ್ ಅರ್ಜಿಗೆ ನಿನ್ನಂಥ ಒಬ್ಬ ವ್ಯಕ್ತಿಗೆ, ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪನಿಗೆ 9,000. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಪರಿಶೀಲನೆ ದಾಟಿದ ಹೆಸರನ್ನು ಇಲಾಖೆಯ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ, ತಕರಾರು ಇದ್ದವರು ನಾಲ್ಕು ತಿಂಗಳೊಳಗೆ ಹೇಳಬೇಕು. ನೋಂದಣಿ ಆದರೆ 10 ವರ್ಷ ನಿನ್ನದು, ಆಮೇಲೆ ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಹೋಗಬಹುದು. ಅಲ್ಲಿಯವರೆಗೆ ಹೆಸರಿನ ಪಕ್ಕ ‘ಟಿಎಂ’ ಅಂತ ಹಾಕಿಕೋ. ವೃತ್ತದೊಳಗೆ ‘ಆರ್’ ಇರುವ ಗುರುತನ್ನು ನೋಂದಣಿಗೆ ಮುಂಚೆ ಹಾಕಬೇಡ, ಅದೂ ಅಪರಾಧವೇ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಬೇರೆ, ಹೆಸರಿನ ನೋಂದಣಿ ಬೇರೆ. ಒಂದಾದರೆ ಇನ್ನೊಂದಾಯಿತು ಅಂತ ಬಹಳ ಜನ ತಿಳಿದುಕೊಂಡಿರುತ್ತಾರೆ.

ನಿನ್ನ ಜೊತೆ ನಾದಿನಿಯೂ ದುಡ್ಡು ಹಾಕುತ್ತಿದ್ದಾಳಲ್ಲ, ಹೆಸರು ಯಾರದ್ದು ಅನ್ನುವುದನ್ನು ಈಗಲೇ ಕಾಗದದಲ್ಲಿ ಬರೆದುಕೊಳ್ಳಿ. ಪ್ರೀತಿ ಇರುವಾಗ ಬರೆದದ್ದು ಜಗಳ ಬಂದಾಗ ಕೈ ಹಿಡಿಯುತ್ತದೆ. ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಡಾಸ್ಲರ್ ಅನ್ನುವ ಅಣ್ಣತಮ್ಮಂದಿರು ಒಟ್ಟಿಗೆ ಬೂಟು ಮಾಡುತ್ತಿದ್ದರು. ಮನಸ್ಸು ಮುರಿದು ಬೇರೆಯಾದರು. ತಮ್ಮ ಅಡಾಲ್ಫ್ ತನ್ನ ಅಡ್ಡಹೆಸರು ‘ಆದಿ’ಗೆ ಮನೆತನದ ಹೆಸರಿನ ತುಣುಕು ಸೇರಿಸಿ ‘ಅಡಿಡಾಸ್’ ಮಾಡಿದ. ಅಣ್ಣ ರುಡಾಲ್ಫ್ ಅದೇ ರೀತಿ ‘ರುಡಾ’ ಅಂತ ಶುರು ಮಾಡಿ, ಸದ್ದು ಸಾಲದು ಅನಿಸಿ ‘ಪೂಮಾ’ ಮಾಡಿಕೊಂಡ. ಒಂದೇ ಮನೆತನ, ಒಂದೇ ಊರು, ಒಂದೇ ಕಸುಬು. ಆದರೂ ‘ಹಳೇ ಡಾಸ್ಲರ್’, ‘ಒರಿಜಿನಲ್ ಡಾಸ್ಲರ್’ ಅಂತ ಎರಡು ಬೋರ್ಡು ಹಚ್ಚಿಕೊಂಡು ಕೂರಲಿಲ್ಲ. ನಮ್ಮ ಕಡೆ ಹಿಸ್ಸೆಯಾದ ಹೋಟೆಲುಗಳ ಬೋರ್ಡು ನೋಡಿದರೆ ನಾನು ಯಾಕೆ ಇದನ್ನು ಹೇಳುತ್ತಿದ್ದೇನೆ ಅಂತ ನಿನಗೆ ತಿಳಿಯುತ್ತದೆ.

ನಿನ್ನ ಹೆಸರು ಬೆಳೆದರೆ ಅದನ್ನೂ ಕದಿಯುವವರು ಬರುತ್ತಾರೆ. ಮೈಸೂರು ಸ್ಯಾಂಡಲ್ ಸಾಬೂನಿಗಿಂತ ದೊಡ್ಡ ಹೆಸರು ನಮ್ಮಲ್ಲಿ ಯಾವುದಿದೆ? ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿಯವರ ಕಾಲದ ಮೈಸೂರು ಸರ್ಕಾರ 1916ರಲ್ಲಿ ತಾನೇ ಎಣ್ಣೆ ತೆಗೆಯಲು ಹೊರಟಿತು, ಅದರ ಬೆನ್ನಿಗೇ ಸಾಬೂನು ಬಂತು. ಆನೆಯ ತಲೆ, ಸಿಂಹದ ಮೈಯ ಶರಭನ ಗುರುತು, ಮೊಟ್ಟೆಯಾಕಾರದ ಬಿಲ್ಲೆ. ಅದಕ್ಕೆ ಭೌಗೋಳಿಕ ಗುರುತೂ ಇದೆ, ಹಿಂದೆ ಸರ್ಕಾರವೇ ಇದೆ. ಆದರೂ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅದರ ನಕಲಿ ಮಾಲು ತಯಾರಾಗುತ್ತಿದ್ದುದು ಸಿಕ್ಕಿಬಿತ್ತು. ಸುಮಾರು 2 ಕೋಟಿ ರೂಪಾಯಿಯ ಸರಕು ಅಂತ ಆಗ ಸುದ್ದಿಯಾಯಿತು. ನಿನಗೂ ಆ ಕಾಲ ಬಂದರೆ ಅಳುತ್ತಾ ಕೂರಬೇಡ, ಹೋಗಲಿ ಬಿಡು ಅಂತ ಸುಮ್ಮನೆಯೂ ಇರಬೇಡ. ಅಮೃತಧಾರಾದವರ ಕಥೆಗೆ ಒಂದು ಬಾಲ ಇದೆ. ಹೆಸರುಗಳು ಹೋಲುತ್ತವೆ ಅಂತ ಕೋರ್ಟು ಒಪ್ಪಿದರೂ, ಬಹಳ ಕಾಲ ಗೊತ್ತಿದ್ದೂ ತಕರಾರು ಮಾಡಲಿಲ್ಲ ಅನ್ನುವ ಕಾರಣಕ್ಕೆ ಲಕ್ಷ್ಮಣಧಾರಾಕ್ಕೆ ಉತ್ತರ ಪ್ರದೇಶದೊಳಗೆ ಮಾರಲು ನೋಂದಣಿ ಉಳಿಸಿಕೊಟ್ಟಿತು. ಕಂಡ ದಿನವೇ ವಕೀಲರಿಂದ ಒಂದು ನೋಟೀಸು ಕೊಡಿಸು.

ಆ ದಿನ ಕೆಲಸಕ್ಕೆ ಬರುವುದು ನಿನ್ನ ಹಳೆಯ ಕಾಗದಗಳು. ನಮ್ಮ ಕಾಯ್ದೆಯಲ್ಲಿ ಹೆಸರನ್ನು ಮೊದಲು ಬಳಸಿದವರಿಗೆ ದೊಡ್ಡ ಮರ್ಯಾದೆ. ನೋಂದಣಿ ಮಾಡಿಸಿದವನೂ ತನಗಿಂತ ಮುಂಚಿನಿಂದ ಬಳಸುತ್ತಾ ಬಂದವನನ್ನು ತಡೆಯುವುದು ಕಷ್ಟ. ಆದ್ದರಿಂದ ಮೊದಲ ಬಿಲ್ಲು, ಮೊದಲ ಲೇಬಲ್ಲು, ಪ್ರಿಂಟರ್‌ಗೆ ದುಡ್ಡು ಕೊಟ್ಟ ರಸೀದಿ, ಮೇಳದಲ್ಲಿ ಮಳಿಗೆ ಹಾಕಿದ ಫೋಟೋ, ಎಲ್ಲವನ್ನೂ ತಾರೀಖಿನ ಸಮೇತ ಒಂದು ಫೈಲಿನಲ್ಲಿಡು. ಹೊಸ ಹೆಸರು ಬರೆದು ಕಳಿಸು, ನಾನೂ ಅತ್ತೆಯೂ ಬಾಯಲ್ಲಿ ಹೇಳಿ ನೋಡುತ್ತೇವೆ. ಪುಡಿ ತಯಾರಾದ ದಿನ ಅರ್ಧ ಕೇಜಿ ಸಾರಿನ ಪುಡಿ, ಕಾಲು ಕೇಜಿ ಚಟ್ನಿಪುಡಿ ನನಗೇ ಮೊದಲ ಬಿಲ್ಲು ಹರಿ. ಮಾವ ಅಂತ ರೇಟಿನಲ್ಲಿ ಬಿಡಬೇಡ.